ಬೆಳಕಿಗೆ ಬೆಳಕು ಡಿಕ್ಕಿ ಹೊಡೆದರೆ ಹುಟ್ಟುವ ಮೆಸಾನ್: ಆ ಲೆಕ್ಕ ಹಾಕುವುದು ಹೇಗೆ?

ರಾತ್ರಿ ಹತ್ತರ ಮೇಲೆ ಯಶವಂತಪುರದ ಕಡೆಯಿಂದ ಮೇಖ್ರಿ ಸರ್ಕಲ್ಲಿಗೆ ಸಿ.ವಿ. ರಾಮನ್ ರಸ್ತೆಯಲ್ಲಿ ಬಂದರೆ ಎದುರು ಗಾಡಿಗಳ ಹೆಡ್‌ಲೈಟ್ ನೇರ ಕಣ್ಣಿಗೇ ಹೊಡೆಯುತ್ತದೆ. ನಮ್ಮ ಗಾಡಿಯ ಬೆಳಕು ಆ ಕಡೆಗೆ, ಅವರದ್ದು ಈ ಕಡೆಗೆ. ನಡುವೆ ಎರಡೂ ಒಂದರೊಳಗೊಂದು ಹಾದು ಹೋಗುತ್ತವೆ. ಒಂದು ಇನ್ನೊಂದನ್ನು ತಡೆಯುವುದಿಲ್ಲ, ಪಕ್ಕಕ್ಕೆ ತಳ್ಳುವುದಿಲ್ಲ. ಅದೇ ಎರಡು ಗಾಡಿ ಹಾಗೆ ಎದುರಾದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ.

ಆ ರಸ್ತೆಯ ಪಕ್ಕದ ಕಾಂಪೌಂಡಿನೊಳಗೆ ಟಾಟಾ ಇನ್‌ಸ್ಟಿಟ್ಯೂಟ್ ಇದೆ. ಹೊಸಬರು ಐಐಎಸ್‌ಸಿ ಎನ್ನುತ್ತಾರೆ, ಹಳೇ ಬೆಂಗಳೂರಿನವರ ಬಾಯಲ್ಲಿ ಇವತ್ತಿಗೂ ಅದು ಟಾಟಾ ಇನ್‌ಸ್ಟಿಟ್ಯೂಟೇ. ಬೆಳಕಿಗೆ ಬೆಳಕು ಡಿಕ್ಕಿ ಹೊಡೆದರೆ ಏನು ಹುಟ್ಟುತ್ತದೆ ಎಂಬ ಲೆಕ್ಕಕ್ಕೆ ವರ್ಷಗಟ್ಟಲೆ ಕೊಟ್ಟವರು ಆ ಕಾಂಪೌಂಡಿನೊಳಗೆ ಇದ್ದರು. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ. ನಾನು ಬಿ.ಎಸ್ಸಿ. ಮಕ್ಕಳಿಗೆ ಭೌತಶಾಸ್ತ್ರ ಪಾಠ ಮಾಡುವವಳು. ಈ ವಿಷಯ ನನಗೆ ಇಷ್ಟವಾಗಲು ಒಂದೇ ಕಾರಣ. ಇಲ್ಲಿ ಪೆನ್ನು ಹಿಡಿದು ಲೆಕ್ಕ ಹಾಕಬಹುದಾದ ಪಾಲು ಯಾವುದು, ಹಾಕಲಾಗದ ಪಾಲು ಯಾವುದು ಎಂಬ ಗೆರೆ ಕಣ್ಣಿಗೆ ಕಾಣುತ್ತದೆ. ಆ ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬುದೇ ಈ ಇಡೀ ವಿಷಯದ ಜೀವ.

ಮೊದಲಿಗೆ, ಬೆಳಕು ಡಿಕ್ಕಿ ಹೊಡೆಯುತ್ತದೆ ಅನ್ನುವುದೇ ತಪ್ಪಲ್ವಾ? ಹಳೆಯ ಭೌತಶಾಸ್ತ್ರದ ಪ್ರಕಾರ ತಪ್ಪೇ. ಮ್ಯಾಕ್ಸ್‌ವೆಲ್ ಸಮೀಕರಣಗಳಲ್ಲಿ ಎರಡು ಬೆಳಕು ಒಂದೇ ಜಾಗಕ್ಕೆ ಬಂದರೆ ಕೂಡಿಕೊಳ್ಳುತ್ತವೆ, ಆಮೇಲೆ ತಮ್ಮ ತಮ್ಮ ದಾರಿ ಹಿಡಿಯುತ್ತವೆ. ಬೆಳಕಿನ ಕಣವಾದ ಫೋಟಾನಿಗೆ ಚಾರ್ಜ್ ಇಲ್ಲ. ಆದ್ದರಿಂದ ಇನ್ನೊಂದು ಫೋಟಾನಿಗೆ ಹಿಡಿದುಕೊಳ್ಳಲು ಅಲ್ಲಿ ಏನೂ ಸಿಗುವುದಿಲ್ಲ. ಕ್ವಾಂಟಂ ಸಿದ್ಧಾಂತದಲ್ಲಿ ಒಂದು ಸಣ್ಣ ಸಂದು ಇದೆ. ಫೋಟಾನ್ ಕಣ್ಣು ಮಿಟುಕಿಸುವುದಕ್ಕಿಂತ ತೀರಾ ಕಡಿಮೆ ಹೊತ್ತು ಒಂದು ಜೋಡಿಯಾಗಿ ಒಡೆದು ಮತ್ತೆ ಕೂಡಬಹುದು. ಆ ಜೋಡಿ ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣ ಪಾಸಿಟ್ರಾನ್ ಆಗಿರಬಹುದು, ಕ್ವಾರ್ಕ್ (ಪ್ರೋಟಾನಿನಂಥ ಕಣಗಳ ಒಳಗಿರುವ ಕಣ) ಮತ್ತು ಅದರ ಪ್ರತಿಕಣ ಆಂಟಿಕ್ವಾರ್ಕ್ ಆಗಿರಬಹುದು. ಜೋಡಿಯಲ್ಲಿ ಪ್ರತಿಯೊಂದಕ್ಕೂ ಚಾರ್ಜ್ ಇದೆ. ಅದೇ ಹೊತ್ತಿಗೆ ಎರಡನೇ ಫೋಟಾನ್ ಬಂದು ತಾಕಿದರೆ ಡಿಕ್ಕಿ ಆದ ಹಾಗೆ. ಬೆಳಕಿಗೆ ಬೆಳಕು ತಾಕಿ ಚದುರುವ ಲೆಕ್ಕವನ್ನು ಆಯ್ಲರ್ ಮತ್ತು ಹೈಸನ್‌ಬರ್ಗ್ 1936ರಲ್ಲೇ ಮಾಡಿದ್ದರು. ಅದು ಕಣ್ಣಿಗೆ ಕಾಣಿಸಲು ಎಂಬತ್ತು ವರ್ಷ ಬೇಕಾಯಿತು. ಕಣಗಳನ್ನು ಡಿಕ್ಕಿ ಹೊಡೆಸುವ ಜಿನೀವಾದ ದೊಡ್ಡ ಯಂತ್ರ ಎಲ್‌ಎಚ್‌ಸಿಯಲ್ಲಿ ಅಟ್ಲಾಸ್ ಪ್ರಯೋಗದವರು 2017ರಲ್ಲಿ ಅಂಥ 13 ಘಟನೆಗಳನ್ನು ತೋರಿಸಿದರು, 2019ರಲ್ಲಿ 59.

ಇಷ್ಟು ಕಡಿಮೆ ಯಾಕೆ? ಪ್ರತಿ ಸಲ ಫೋಟಾನ್ ಚಾರ್ಜನ್ನು ತಾಕುವಾಗ 137ರಲ್ಲಿ ಒಂದು ಎಂಬ ಅಂಶ ಲೆಕ್ಕದೊಳಗೆ ಬರುತ್ತದೆ. ಇದಕ್ಕೆ ಆಲ್ಫಾ ಎಂದು ಹೆಸರು. ಎರಡು ಫೋಟಾನ್ ತಾಕಿ ಮತ್ತೆ ಎರಡು ಫೋಟಾನ್ ಬರಬೇಕಾದರೆ ಈ ಪುಟ್ಟ ಸಂಖ್ಯೆ ನಾಲ್ಕು ಸಲ ಗುಣಿಸಿಕೊಳ್ಳುತ್ತದೆ. ಮೆಸಾನ್, ಅಂದರೆ ಕ್ವಾರ್ಕು ಆಂಟಿಕ್ವಾರ್ಕು ಕೂಡಿದ ಕಣ, ಹುಟ್ಟಬೇಕಾದರೆ ಎರಡೇ ಸಲ. ಹಾಗಾಗಿ ಬೆಳಕಿನಿಂದ ಬೆಳಕು ಬರುವುದಕ್ಕಿಂತ ಬೆಳಕಿನಿಂದ ಮೆಸಾನ್ ಬರುವುದು ಸುಲಭ.

ಹೆಡ್‌ಲೈಟಿನಿಂದ ಮಾತ್ರ ಆಗದು. ಆ ಬೆಳಕಿನ ಒಂದು ಫೋಟಾನಿನಲ್ಲಿ ಸುಮಾರು 2 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಇರುತ್ತದೆ. ಅತಿ ಹಗುರ ಮೆಸಾನ್ ಆದ ಪೈ ಜೀರೋ ಹುಟ್ಟಲು ಬೇಕಾದದ್ದು 13.5 ಕೋಟಿ ಎಲೆಕ್ಟ್ರಾನ್ ವೋಲ್ಟ್. ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟಿಗೆ ಒಂದು ಎಂಇವಿ, ನೂರು ಕೋಟಿಗೆ ಒಂದು ಜಿಇವಿ ಅನ್ನುತ್ತಾರೆ. ಕಣದ ತೂಕವನ್ನೂ ಇದೇ ಶಕ್ತಿಯ ಅಳತೆಯಲ್ಲಿ ಹೇಳುತ್ತಾರೆ. ಪೈ ಜೀರೋ ತೂಕ 135 ಎಂಇವಿ.

ಈ ಮೆಸಾನ್ ಎಂಬ ಹೆಸರಿಗೂ ಬೆಂಗಳೂರಿಗೂ ಒಂದು ನಂಟಿದೆ. ಕಾಸ್ಮಿಕ್ ಕಿರಣಗಳಲ್ಲಿ ಎಲೆಕ್ಟ್ರಾನಿಗಿಂತ ಭಾರದ, ಪ್ರೋಟಾನಿಗಿಂತ ಹಗುರದ ಒಂದು ಕಣ ಸಿಕ್ಕಾಗ ಅದನ್ನು ಮೆಸೊಟ್ರಾನ್ ಅನ್ನುತ್ತಿದ್ದರು. ನಡುವಿನದು ಎನ್ನುವ ಗ್ರೀಕ್ ಪದ ‘ಮೆಸೊ’ದಲ್ಲಿ ‘ಟ್ರ’ ಇಲ್ಲವಲ್ಲ, ಅದನ್ನು ಯಾಕೆ ಸೇರಿಸಬೇಕು, ಮೆಸಾನ್ ಅಂದರೆ ಸಾಕು ಎಂದು 1939ರಲ್ಲಿ ಬರೆದವರು ಹೋಮಿ ಭಾಭಾ. ಆಗ ಅವರು ಕೇಂಬ್ರಿಜ್‌ನಲ್ಲಿದ್ದರು. ಅದೇ ವರ್ಷ ರಜೆಗೆಂದು ಊರಿಗೆ ಬಂದವರು ಯುದ್ಧ ಶುರುವಾಗಿ ಇಲ್ಲೇ ಉಳಿದರು. ಟಾಟಾ ಇನ್‌ಸ್ಟಿಟ್ಯೂಟಿಗೆ ಸೇರಿ ಕಾಸ್ಮಿಕ್ ಕಿರಣಗಳ ಕೆಲಸ ಮಾಡಿದರು. ಮುಂದೆ ಮುಂಬೈಗೆ ಹೋದ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) 1945ರಲ್ಲಿ ಶುರುವಾದದ್ದೂ ಇದೇ ಕ್ಯಾಂಪಸ್ಸಿನಲ್ಲಿ. ಅವರು ಹೆಸರು ಕೊಟ್ಟ ಕಣ ಇವತ್ತಿನ ಲೆಕ್ಕದಲ್ಲಿ ಮೆಸಾನ್ ಅಲ್ಲ. ಅದು ಮ್ಯೂಆನ್, ಎಲೆಕ್ಟ್ರಾನಿನ ಭಾರದ ಅಣ್ಣ. ಯುಕಾವಾ 1935ರಲ್ಲಿ ಊಹಿಸಿದ ನಿಜವಾದ ಮೆಸಾನ್, ಅಂದರೆ ಪಯಾನ್, 1947ರಲ್ಲಿ ಸಿಕ್ಕಿತು. ಪೈ ಜೀರೋ ಅಂದರೆ ಚಾರ್ಜ್ ಇಲ್ಲದ ಪಯಾನ್. ಈಗ ಮೆಸಾನ್ ಅಂದರೆ ಒಂದು ಕ್ವಾರ್ಕ್, ಒಂದು ಆಂಟಿಕ್ವಾರ್ಕ್ ಕೂಡಿದ ಜೋಡಿ.

ಅಷ್ಟು ಶಕ್ತಿಯ ಫೋಟಾನ್ ಎಲ್ಲಿಂದ ತರುವುದು? ಇದಕ್ಕೆ ಉತ್ತರ ನಮ್ಮ ರಸ್ತೆಯಲ್ಲೇ ಇದೆ. ಕಿರಿದಾದ ರಸ್ತೆಯಲ್ಲಿ ಎರಡು ಬಿಎಂಟಿಸಿ ಬಸ್ಸು ಎದುರುಬದುರು ವೇಗವಾಗಿ ಹಾದುಹೋದರೆ ಒಂದಕ್ಕೊಂದು ತಾಕುವುದಿಲ್ಲ. ಆದರೂ ನಡುವೆ ಸಿಕ್ಕ ಬೈಕಿನವನಿಗೆ ಗಾಳಿ ರಪ್ಪನೆ ಹೊಡೆಯುತ್ತದೆ. ಚಾರ್ಜ್ ಇರುವ ಕಣದ ಸುತ್ತಲೂ ಹೀಗೇ ವಿದ್ಯುತ್ ಕ್ಷೇತ್ರ ಇರುತ್ತದೆ. ಕಣ ಬೆಳಕಿನ ವೇಗದ ಹತ್ತಿರ ಓಡಿದರೆ ಆ ಕ್ಷೇತ್ರ ದೋಸೆಯ ಹಾಗೆ ಚಪ್ಪಟೆಯಾಗುತ್ತದೆ. ಪಕ್ಕದಲ್ಲಿ ನಿಂತವರಿಗೆ ಅದು ಒಂದು ಕ್ಷಣದ ಬೆಳಕಿನ ಹೊಡೆತದ ಹಾಗೇ ಅನಿಸುತ್ತದೆ. ಅದನ್ನು ನಿಜವಾದ ಫೋಟಾನುಗಳ ಗುಂಪು ಎಂದೇ ಎಣಿಸಬಹುದು ಎಂದು ಮೊದಲು ಹೇಳಿದವರು ಫರ್ಮಿ, 1924ರಲ್ಲಿ. ಹತ್ತು ವರ್ಷದ ಮೇಲೆ ವೈಟ್ಸೆಕರ್ ಮತ್ತು ವಿಲಿಯಮ್ಸ್ ಅದನ್ನು ವೇಗದ ಕಣಗಳಿಗೆ ಸರಿಯಾಗಿ ಹೊಂದಿಸಿದರು.

ಒಂದು ಲೆಕ್ಕ ನೋಡಿ. ಸೀಸದ ನ್ಯೂಕ್ಲಿಯಸ್ಸಿನಲ್ಲಿ 82 ಪ್ರೋಟಾನುಗಳಿವೆ. ಅದರ ಸುತ್ತಲಿನ ಫೋಟಾನುಗಳ ಸಂಖ್ಯೆ ಚಾರ್ಜಿನ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ. 82ರ ವರ್ಗ 6,724. ಎದುರಿನಿಂದಲೂ ಸೀಸವೇ ಬಂದರೆ ಇನ್ನೊಂದು 6,724. ಗುಣಿಸಿದರೆ ನಾಲ್ಕೂವರೆ ಕೋಟಿ. ಪ್ರೋಟಾನಿಗೆ ಪ್ರೋಟಾನ್ ಎದುರಾದಾಗ ಆಗುವುದಕ್ಕಿಂತ ಅಷ್ಟು ಪಟ್ಟು ಜಾಸ್ತಿ ಅವಕಾಶ. ಫೋಟಾನ್ ಶಕ್ತಿ ಎಷ್ಟಿರಬಹುದು ಎಂಬುದನ್ನು ನ್ಯೂಕ್ಲಿಯಸ್ಸಿನ ಅಳತೆಯೇ ಹೇಳುತ್ತದೆ. ಅದರ ತ್ರಿಜ್ಯ ಸುಮಾರು 7 ಫೆಮ್ಟೋಮೀಟರ್. ಅಷ್ಟು ಪುಟ್ಟ ಜಾಗಕ್ಕೆ ಹೊಂದುವ ಶಕ್ತಿ ಸುಮಾರು 28 ಎಂಇವಿ. ಎಲ್‌ಎಚ್‌ಸಿಯಲ್ಲಿ ಸೀಸದ ವೇಗ ಅದನ್ನು ಸುಮಾರು 2,700 ಪಟ್ಟು ಹಿಗ್ಗಿಸುತ್ತದೆ. ಬರುವುದು 75 ಜಿಇವಿಯ ಆಸುಪಾಸು. ಕ್ಯಾಲ್ಕುಲೇಟರ್ ಇದ್ದರೆ ಯಾರು ಬೇಕಾದರೂ ಮಾಡಬಹುದು. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಓಡಿಸಿದರೂ ಕೆಲಸ ಆಗುತ್ತದೆ. ಚಾರ್ಜ್ ಕಮ್ಮಿ, ಆದರೆ ಬೇಡದ ಬೇರೆ ಕಣಗಳ ಕೊಳೆ ಇಲ್ಲ. ಜಪಾನಿನ ಟ್ಸುಕುಬಾದಲ್ಲಿ ಬೆಲ್ ಪ್ರಯೋಗ ಹಾಗೇ ಮಾಡಿತು.

ಹೀಗೆ ಲೆಕ್ಕದ ಮೊದಲ ಪಾಲು ಮುಗಿಯಿತು. ಎಷ್ಟು ಫೋಟಾನ್ ಬರುತ್ತವೆ, ಯಾವ ಶಕ್ತಿಯಲ್ಲಿ ಬರುತ್ತವೆ ಎಂಬುದು ಪೂರ್ತಿ ಪೆನ್ನಿಗೆ ಸಿಗುತ್ತದೆ. ಉಳಿದದ್ದು, ಎರಡು ಫೋಟಾನ್ ಎದುರಾದಾಗ ಮೆಸಾನ್ ಹುಟ್ಟುವ ಸಾಧ್ಯತೆ ಎಷ್ಟು ಎಂಬುದು. ಇದನ್ನು ಕ್ರಾಸ್ ಸೆಕ್ಷನ್ ಎನ್ನುತ್ತಾರೆ. ಗುರಿಯ ಹಲಗೆ ಎಷ್ಟು ಅಗಲ ಇದೆ ಎಂದು ಕೇಳಿದ ಹಾಗೆ.

ಅದಕ್ಕೂ ಮುಂಚೆ ಒಂದು ಜರಡಿ ಇದೆ. ಎಲ್ಲ ಮೆಸಾನುಗಳಿಗೂ ಇಲ್ಲಿ ಪ್ರವೇಶ ಇಲ್ಲ. ಜಗತ್ತಿನ ಎಲ್ಲ ಚಾರ್ಜುಗಳನ್ನು ಪ್ಲಸ್ಸಿಗೆ ಮೈನಸ್, ಮೈನಸ್ಸಿಗೆ ಪ್ಲಸ್ ಮಾಡಿದರೆ ಒಂದು ಫೋಟಾನಿಗೆ ಮೈನಸ್ ಗುರುತು ಬೀಳುತ್ತದೆ. ಎರಡು ಫೋಟಾನ್ ಇದ್ದರೆ ಮೈನಸ್ ಮೈನಸ್ ಸೇರಿ ಪ್ಲಸ್. ಆದ್ದರಿಂದ ಪ್ಲಸ್ ಗುರುತಿನ ಮೆಸಾನುಗಳಾದ ಪೈ ಜೀರೋ, ಈಟಾ, ಈಟಾ ಪ್ರೈಮ್, ಎಫ್-2 ಒಂಟಿಯಾಗಿ ಹುಟ್ಟಬಹುದು. ರೋ ಮತ್ತು ಜೆ-ಸೈ ಮೈನಸ್ ಗುರುತಿನವು. ಅವು ಒಂಟಿಯಾಗಿ ಬರುವ ಹಾಗಿಲ್ಲ, ಎರಡೆರಡಾಗಿ ಬರಬಹುದು. ಇನ್ನೊಂದು ನಿಯಮವೂ ಇದೆ. ಸ್ಪಿನ್ (ಕಣಕ್ಕೆ ಹುಟ್ಟಿನಿಂದಲೇ ಇರುವ ತಿರುಗಣೆಯ ಅಳತೆ) 1 ಇರುವ ಕಣ ಎರಡು ನಿಜವಾದ ಫೋಟಾನುಗಳಿಂದ ಹುಟ್ಟಲಾರದು ಎಂದು ಲ್ಯಾಂಡೌ 1948ರಲ್ಲಿ, ಯಾಂಗ್ 1950ರಲ್ಲಿ ತೋರಿಸಿದರು. ಮೆಸಾನಿನ ಒಳಗೆ ಏನಿದೆ ಎಂದು ನೋಡದೆಯೇ ಇಷ್ಟು ಹೇಳಬಹುದು ಅನ್ನುವುದು ನನಗೆ ಪ್ರತಿ ಸಲವೂ ಬೆರಗು.

ಈಗ ಪೈ ಜೀರೋ. ಪ್ರತಿ ವರ್ಷ ಇದನ್ನು ಕೊನೆ ವರ್ಷದ ಮಕ್ಕಳಿಗೆ ಬೋರ್ಡಿನ ಮೇಲೆ ಬಿಡಿಸಲು ಕೊಡುತ್ತೇನೆ.

ಪೈ ಜೀರೋ ಬಹಳ ಬೇಗ ಒಡೆದು ಎರಡು ಫೋಟಾನ್ ಆಗುತ್ತದೆ. ನೂರರಲ್ಲಿ ಹೆಚ್ಚುಕಡಿಮೆ 99 ಸಲ ಹೀಗೇ. ಸಿನಿಮಾ ರೀಲನ್ನು ಹಿಂದಕ್ಕೆ ಓಡಿಸಿದರೆ ಎರಡು ಫೋಟಾನ್ ಕೂಡಿ ಪೈ ಜೀರೋ ಆಗುತ್ತದೆ. ಒಡೆಯುವ ವೇಗ ಗೊತ್ತಾದರೆ ಹುಟ್ಟುವ ಪ್ರಮಾಣ ತಾನಾಗಿ ಗೊತ್ತಾಗುತ್ತದೆ. ಎರಡಕ್ಕೂ ಒಂದೇ ಸಂಖ್ಯೆ ಸಾಕು. ಎಲೆಕ್ಟ್ರಾನ್ ಡಿಕ್ಕಿಗಳಲ್ಲಿ ಪೈ ಜೀರೋ ಹುಟ್ಟಿಸಿ ಅದರ ಆಯಸ್ಸನ್ನು ಅಳೆಯಬಹುದು ಎಂದು ಫ್ರಾನ್ಸಿಸ್ ಲೋ 1960ರಲ್ಲಿ ಸೂಚಿಸಿದ್ದು ಇದೇ ಕಾರಣಕ್ಕೆ. ಒಡೆಯುವ ವೇಗವನ್ನು ವಿಡ್ತ್ ಎನ್ನುತ್ತಾರೆ, ಅದರ ಅಳತೆ ಎಲೆಕ್ಟ್ರಾನ್ ವೋಲ್ಟಿನಲ್ಲಿ. ಸೂತ್ರ ಇಷ್ಟೇ: ಆಲ್ಫಾ ವರ್ಗ × ತೂಕದ ಘನ ÷ (64 × ಪೈ ಘನ × ಎಫ್ ವರ್ಗ). ಇಲ್ಲಿನ ಪೈ ನಮ್ಮ 3.14. ಇದರ ಜೊತೆ ಕ್ವಾರ್ಕುಗಳ ಚಾರ್ಜಿನಿಂದ ಬರುವ ಒಂದು ಅಂಶವನ್ನೂ ಗುಣಿಸಬೇಕು.

ಎಫ್ ಎಂದರೆ ಏನು? ಪಯಾನಿನ ಒಳಗೆ ಕ್ವಾರ್ಕು ಆಂಟಿಕ್ವಾರ್ಕು ಎಷ್ಟು ಬಿಗಿಯಾಗಿ ಕೂಡಿವೆ ಎಂಬುದರ ಅಳತೆ. ಅದನ್ನು ಪೆನ್ನಿನಿಂದ ಲೆಕ್ಕ ಹಾಕಲು ಆಗುವುದಿಲ್ಲ, ಕ್ವಾರ್ಕುಗಳ ನಡುವಿನ ಬಲ ಅಲ್ಲಿ ಅಷ್ಟು ಜೋರು. ಆದರೆ ಚಾರ್ಜ್ ಇರುವ ಪಯಾನ್ ಒಡೆದು ಮ್ಯೂಆನ್ ಆಗುವ ಬೇರೆಯದೇ ಪ್ರಯೋಗದಿಂದ ಅದನ್ನು ಅಳೆದಿದ್ದಾರೆ. ಸುಮಾರು 92 ಎಂಇವಿ. ನಮಗೆ ಗೊತ್ತಿಲ್ಲದ್ದೆಲ್ಲ ಈ ಒಂದು ಅಂಕಿಯೊಳಗೆ ಕೂತಿದೆ.

ಚಾರ್ಜಿನ ಅಂಶ ಹೀಗೆ. ಅಪ್ ಕ್ವಾರ್ಕಿನ ಚಾರ್ಜ್ 2/3, ಡೌನ್ ಕ್ವಾರ್ಕಿನದು ಮೈನಸ್ 1/3. ವರ್ಗ ಮಾಡಿದರೆ 4/9 ಮತ್ತು 1/9. ಪೈ ಜೀರೋದಲ್ಲಿ ಇವೆರಡರ ವ್ಯತ್ಯಾಸ ತೆಗೆದುಕೊಳ್ಳಬೇಕು. ಬರುವುದು 1/3.

ಹೋದ ವರ್ಷ ಇಷ್ಟನ್ನು ಬರೆದು ಕೂತೆ. ಎರಡನೇ ಬೆಂಚಿನ ಹುಡುಗಿಯೊಬ್ಬಳು ಕ್ಯಾಲ್ಕುಲೇಟರ್ ಒತ್ತಿ, ಅಳಿಸಿ, ಮತ್ತೆ ಒತ್ತಿದಳು. ಆಮೇಲೆ ಎದ್ದು ನಿಂತು, “ಮ್ಯಾಮ್, ನಂಗೆ 0.86 ಬರ್ತಿದೆ. ಬುಕ್ಕಲ್ಲಿ 7.8 ಇದೆ. ಎಲ್ಲಿ ತಪ್ಪಿದೆ ಗೊತ್ತಾಗ್ತಿಲ್ಲ” ಅಂದಳು. ಎಷ್ಟು ಪಟ್ಟು ಕಮ್ಮಿ ಇದೆ ನೋಡಮ್ಮ ಅಂದೆ. ಭಾಗಿಸಿದಳು. “ಒಂಬತ್ತು ಪಟ್ಟು, ಮ್ಯಾಮ್.” ಒಂದು ನಿಮಿಷ ಇಡೀ ಕ್ಲಾಸ್ ಸುಮ್ಮನಾಯಿತು. ಹಿಂದಿನಿಂದ ಯಾರೋ “ಮೂರರ ವರ್ಗ ಅಲ್ವಾ?” ಅಂದರು.

ಅವಳ ಲೆಕ್ಕದಲ್ಲಿ ತಪ್ಪೇ ಇರಲಿಲ್ಲ. ನಾನು ಬೋರ್ಡಿನ ಮೇಲೆ ಬರೆಯದೆ ಬಿಟ್ಟಿದ್ದು ಒಂದೇ ವಿಷಯ. ಪ್ರತಿ ಕ್ವಾರ್ಕೂ ಮೂರು ಬಗೆಯಲ್ಲಿ ಇರುತ್ತದೆ. ಇದಕ್ಕೆ ಬಣ್ಣ ಎಂದು ಹೆಸರು, ಕಣ್ಣಿಗೆ ಕಾಣುವ ಬಣ್ಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಮೂರು ಬಗೆಯ ಕ್ವಾರ್ಕುಗಳೂ ಸೇರಿ ದುಡಿಯುವುದರಿಂದ 1/3 ಅನ್ನು 3ರಿಂದ ಗುಣಿಸಬೇಕು. ಆಗ ಅಂಶ 1 ಆಗುತ್ತದೆ, ವರ್ಗ ಮಾಡಿದರೂ 1. ವಿಡ್ತ್ 7.75 ಎಲೆಕ್ಟ್ರಾನ್ ವೋಲ್ಟ್. ಅಮೆರಿಕದ ಜೆಫರ್ಸನ್ ಲ್ಯಾಬಿನ ಪ್ರಿಮೆಕ್ಸ್ ಪ್ರಯೋಗ 2020ರಲ್ಲಿ ಪ್ರಕಟಿಸಿದ ಅಳತೆ 7.80. ಕ್ವಾರ್ಕಿಗೆ ಮೂರು ಬಣ್ಣ ಎಂದು ನಂಬಲು ಮೊದಲ ದಿನಗಳಲ್ಲಿ ಸಿಕ್ಕ ದೊಡ್ಡ ಆಧಾರಗಳಲ್ಲಿ ಇದೂ ಒಂದು. ಆ ಸೂತ್ರದ ಹಿಂದೆ 1969ರಲ್ಲಿ ಆಡ್ಲರ್ ಮತ್ತು ಬೆಲ್-ಜಾಕಿವ್ ಮಾಡಿದ ಕೆಲಸ ಇದೆ. ಈ ವಿಡ್ತನ್ನು ಆಯಸ್ಸಿಗೆ ತಿರುಗಿಸಿದರೆ, ಒಂದು ಸೆಕೆಂಡನ್ನು ಕೋಟಿ ಭಾಗ ಮಾಡಿ, ಅದರಲ್ಲಿ ಒಂದನ್ನು ಮತ್ತೆ ಕೋಟಿ ಭಾಗ ಮಾಡಿ, ಅದರಲ್ಲಿ ಒಂದನ್ನು ಸಾವಿರ ಭಾಗ ಮಾಡಿದರೆ ಅಂಥ ಎಂಟು ಭಾಗದಷ್ಟು ಹೊತ್ತು. ಅಷ್ಟರಲ್ಲೇ ಪೈ ಜೀರೋ ಹುಟ್ಟಿ ಸಾಯುತ್ತದೆ.

ಒಂದು ಮೆಸಾನಿಗೆ ಒಂದು ಅಂಕಿ ಸಾಕಾಯಿತು. ಶಕ್ತಿ ಏರಿಸುತ್ತಾ ಹೋದರೆ ಹಾಗೆ ನಡೆಯುವುದಿಲ್ಲ. ಫೋಟಾನ್ ಬರುಬರುತ್ತಾ ತಾನೇ ಮೆಸಾನಿನ ಹಾಗೆ ನಡೆದುಕೊಳ್ಳಲು ಶುರು ಮಾಡುತ್ತದೆ. ಅದು ಒಂದು ಕ್ಷಣಕ್ಕೆ ರೋ ಮೆಸಾನಿನ ವೇಷ ಹಾಕುತ್ತದೆ. ಆ ವೇಷದಲ್ಲಿರುವಾಗ ಡಿಕ್ಕಿಯಾದರೆ, ಡಿಕ್ಕಿಯಾದದ್ದು ಎರಡು ಬೆಳಕು ಅಲ್ಲ, ಕ್ವಾರ್ಕುಗಳ ಮತ್ತು ಅವನ್ನು ಅಂಟಿಸಿ ಹಿಡಿಯುವ ಗ್ಲುವಾನುಗಳ ಎರಡು ಮೂಟೆ. ಆಗ ಒಂದೆರಡಲ್ಲ, ರಾಶಿ ರಾಶಿ ಮೆಸಾನ್ ಉದುರುತ್ತವೆ. ಫೋಟಾನಿನೊಳಗೆ ಕ್ವಾರ್ಕ್ ಎಷ್ಟು, ಗ್ಲುವಾನ್ ಎಷ್ಟು, ಯಾವುದು ಎಷ್ಟು ಪಾಲು ಶಕ್ತಿ ಹೊತ್ತಿದೆ ಎಂದು ಪಟ್ಟಿ ಮಾಡಬೇಕಾಗುತ್ತದೆ.

ಅಂಥ ಒಂದು ಪಟ್ಟಿಯನ್ನು 1985ರಲ್ಲಿ ಮಾಡಿಕೊಟ್ಟವರು ಮಾನ್ಯುಯೆಲ್ ಡ್ರೀಸ್ ಮತ್ತು ಗ್ರಾಸಿ. ಆಮೇಲೆ ಫೋಟಾನ್ ಡಿಕ್ಕಿಗಳ ಲೆಕ್ಕದಲ್ಲಿ ಡ್ರೀಸ್ ಜೊತೆ ಕೆಲಸ ಮಾಡಿದವರು ರೋಹಿಣಿ ಗೋಡ್ಬೋಲೆ. ಗೋಡ್ಬೋಲೆ ಅವರು 1995ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದು, ಈಗ ಹೈ ಎನರ್ಜಿ ಫಿಸಿಕ್ಸ್ ಕೇಂದ್ರ ಎಂದು ಕರೆಯುವ ವಿಭಾಗದಲ್ಲಿ ದಶಕಗಳ ಕಾಲ ಇದ್ದರು. 1990ರ ದಶಕದ ಶುರುವಿನಲ್ಲಿ ಡ್ರೀಸ್ ಮತ್ತು ಗೋಡ್ಬೋಲೆ ಒಂದು ಮುಖ್ಯ ವಿಷಯ ತೋರಿಸಿದರು. ಮುಂದೆ ಕಟ್ಟಬೇಕೆಂದಿದ್ದ ಎಲೆಕ್ಟ್ರಾನ್-ಪಾಸಿಟ್ರಾನ್ ಯಂತ್ರಗಳಲ್ಲಿ ಕಣಗಳ ಗೊಂಚಲು ತೀರಾ ಒತ್ತಾಗಿ ಇರುತ್ತದೆ. ಎರಡು ಗೊಂಚಲು ಎದುರಾದಾಗ ಒಂದರ ಕ್ಷೇತ್ರ ಇನ್ನೊಂದನ್ನು ಬಾಗಿಸುತ್ತದೆ. ಬಾಗಿದ ಎಲೆಕ್ಟ್ರಾನ್ ಫೋಟಾನ್ ಉಗುಳುತ್ತದೆ. ಯಾರೂ ಕರೆಯದೆ ಬಂದ ಈ ಫೋಟಾನುಗಳು ತಮ್ಮತಮ್ಮೊಳಗೆ ಡಿಕ್ಕಿ ಹೊಡೆದು ಮೆಸಾನುಗಳನ್ನು ಸುರಿಸುತ್ತವೆ, ಹುಡುಕುತ್ತಿರುವ ಹೊಸ ಕಣ ಅದರಡಿ ಮುಚ್ಚಿಹೋಗಬಹುದು. ಯಂತ್ರದ ವಿನ್ಯಾಸ ಮಾಡುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕಾಯಿತು. ಕಾಗದದ ಮೇಲಿನ ಒಂದು ಲೆಕ್ಕ, ಕಿಲೋಮೀಟರುಗಟ್ಟಲೆ ಉದ್ದದ ಯಂತ್ರದ ನಕ್ಷೆಯನ್ನು ತಿದ್ದಿತು. ಗೋಡ್ಬೋಲೆ ಅವರಿಗೆ 2019ರಲ್ಲಿ ಪದ್ಮಶ್ರೀ ಬಂತು. 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ನಮ್ಮ ಕಾಲೇಜಿನ ಮಕ್ಕಳಿಗೆ ಫೋಟಾನ್ ಡಿಕ್ಕಿಯ ಪಾಠ ಮಾಡುವಾಗ ಅವರ ಹೆಸರು ಹೇಳದೆ ನಾನು ಮುಂದೆ ಹೋಗುವುದಿಲ್ಲ.

ಈಗ ಅತಿ ಕಷ್ಟದ, ಅತಿ ಸೊಗಸಿನ ಭಾಗ. ಎರಡು ಫೋಟಾನ್ ಬಂದು, ಸರಿಯಾಗಿ ಎರಡೇ ಮೆಸಾನ್ ಹೋಗುವುದು. ಬೇರೆ ಏನೂ ಇಲ್ಲ.

ಶಕ್ತಿ ತೀರಾ ಕಮ್ಮಿ ಇದ್ದಾಗ ಪಯಾನನ್ನು ಒಂದು ಚುಕ್ಕೆ ಎಂದುಕೊಂಡರೆ ಸಾಕು. ಫೋಟಾನಿಗೆ ಅದರ ಒಳಗು ಕಾಣುವುದಿಲ್ಲ. ಎರಡು ಪೈ ಜೀರೋ ಬರುವ ಲೆಕ್ಕ ಇಲ್ಲಿ ತಮಾಷೆಯಾಗಿದೆ. ಪೈ ಜೀರೋಗೆ ಚಾರ್ಜೇ ಇಲ್ಲವಾದ್ದರಿಂದ ಫೋಟಾನ್ ಅದನ್ನು ನೇರವಾಗಿ ತಾಕಲಾರದು. ಮೊದಲು ಚಾರ್ಜ್ ಇರುವ ಎರಡು ಪಯಾನ್ ಹುಟ್ಟಿ, ಅವು ತಮ್ಮೊಳಗೆ ಕೈ ಬದಲಿಸಿಕೊಂಡು ಪೈ ಜೀರೋಗಳಾಗಬೇಕು. 1988ರಲ್ಲಿ ಎರಡು ತಂಡಗಳು ಈ ಲೆಕ್ಕವನ್ನು ಒಂದೂ ಅಂಕಿಯನ್ನು ಹೊರಗಿನಿಂದ ಹೊಂದಿಸದೆ ಮಾಡಿದವು. ಹ್ಯಾಂಬರ್ಗಿನ ಕ್ರಿಸ್ಟಲ್ ಬಾಲ್ ಪ್ರಯೋಗದ ಅಳತೆ 1990ರಲ್ಲಿ ಬಂದಾಗ ಹತ್ತಿರ ಇತ್ತು, ಪೂರ್ತಿ ಕೂಡಲಿಲ್ಲ. 1994ರಲ್ಲಿ ಇನ್ನೊಂದು ಹಂತ ಸೇರಿಸಿದ ಮೇಲೆ ಕೂಡಿತು. ಇನ್ನೂ ಮೇಲೆ, 1.27 ಜಿಇವಿ ಹತ್ತಿರ, ಎಫ್-2 ಮೆಸಾನ್ ಗುಡ್ಡದ ಹಾಗೆ ಎದ್ದು ನಿಲ್ಲುತ್ತದೆ. ಅಲ್ಲಿ ಅಳತೆಯೇ ಗತಿ.

ಅದರಾಚೆ, ಶಕ್ತಿ ಹಲವು ಜಿಇವಿ ಆದಾಗ, ಫೋಟಾನಿಗೆ ಮೆಸಾನ್ ಕಾಣುವುದಿಲ್ಲ, ಒಳಗಿನ ಕ್ವಾರ್ಕುಗಳೇ ಕಾಣುತ್ತವೆ. ಜೋಡೆತ್ತನ್ನು ನೆನೆಸಿಕೊಳ್ಳಿ. ನೊಗ ಒಂದು, ಎತ್ತು ಎರಡು. ಮೆಸಾನ್ ಅಂಥ ಒಂದು ಜೊತೆ. ಎರಡು ಫೋಟಾನ್ ಕೂಡಿದ ಜಾಗದಲ್ಲಿ ನಾಲ್ಕು ಎತ್ತು ಹುಟ್ಟಬೇಕು. ಎರಡು ಒಂದು ನೊಗಕ್ಕೆ, ಇನ್ನೆರಡು ಇನ್ನೊಂದು ನೊಗಕ್ಕೆ. ಒಂದು ಜೊತೆ ಬಡಗಣಕ್ಕೆ ಹೊರಟರೆ ಇನ್ನೊಂದು ತೆಂಕಣಕ್ಕೆ. ಜೊತೆಯೊಳಗಿನ ಎರಡೂ ಒಂದೇ ದಿಕ್ಕಿಗೆ ಹೆಜ್ಜೆ ಹಾಕಬೇಕು, ಇಲ್ಲದಿದ್ದರೆ ನೊಗ ಕೂಡುವುದೇ ಇಲ್ಲ. ಆ ಹೆಜ್ಜೆ ಹೊಂದಿಸುವ ಕೆಲಸ ಗ್ಲುವಾನಿನದು. ಶಕ್ತಿ ಏರಿದಷ್ಟೂ ಹೊಂದಿಸುವುದು ಕಷ್ಟ. ಅದಕ್ಕೇ ಹೀಗೆ ಎರಡೇ ಮೆಸಾನ್ ಬರುವ ಸಾಧ್ಯತೆ ಭರ್ರನೆ ಇಳಿಯುತ್ತದೆ.

ಎಷ್ಟು ಇಳಿಯುತ್ತದೆ ಎಂದು ಬ್ರಾಡ್‌ಸ್ಕಿ ಮತ್ತು ಲಪಾಜ್ 1981ರಲ್ಲಿ ಲೆಕ್ಕ ಹಾಕಿದರು. ಅವರ ಉಪಾಯ ಇಡೀ ಲೆಕ್ಕವನ್ನು ಎರಡು ಪಾಲು ಮಾಡಿದ್ದು. ಎತ್ತುಗಳು ಹುಟ್ಟಿ ಹೆಜ್ಜೆ ಹೊಂದಿಸಿಕೊಳ್ಳುವ ಆ ಚುಟುಕು ಕ್ಷಣ ಒಂದು ಪಾಲು. ಅಲ್ಲಿ ಕ್ವಾರ್ಕುಗಳ ಬಲ ಸಡಿಲ, ಕಣಗಳ ಡಿಕ್ಕಿಯನ್ನು ಗೆರೆಗಳಲ್ಲಿ ತೋರಿಸುವ ಫೈನ್‌ಮನ್ ಚಿತ್ರ ಬರೆದು ಪೆನ್ನಿನಿಂದಲೇ ಲೆಕ್ಕ ಹಾಕಬಹುದು. ನೊಗ ಕಟ್ಟುವುದು ಇನ್ನೊಂದು ಪಾಲು. ಅಲ್ಲಿ ಬಲ ಜೋರು, ಪೆನ್ನು ನಡೆಯುವುದಿಲ್ಲ. ಅದನ್ನು ಒಂದು ಗೆರೆಯ ರೂಪದಲ್ಲಿ ಹಾಗೇ ಪಕ್ಕಕ್ಕೆ ಇಡುತ್ತಾರೆ. ಜೊತೆಯ ಒಟ್ಟು ಭಾರದಲ್ಲಿ ಒಂದು ಎತ್ತು ಎಷ್ಟು ಪಾಲು ಎಳೆಯುತ್ತದೆ, ಇನ್ನೊಂದು ಎಷ್ಟು ಎಂದು ಹೇಳುವ ಗೆರೆ ಅದು. ಮುಖ್ಯ ಏನೆಂದರೆ, ಆ ಗೆರೆ ಮೆಸಾನಿನದೇ ಸ್ವಂತದ್ದು. ಒಂದು ಪ್ರಯೋಗದಲ್ಲಿ ಗೊತ್ತಾದರೆ ಬೇರೆ ಪ್ರಯೋಗಕ್ಕೂ ಅದೇ ನಡೆಯುತ್ತದೆ.

ಆ ಗೆರೆಯ ಆಕಾರದ ಮೇಲೆ ನಡೆದ ಜಗಳ ದೊಡ್ಡದು. ಶಕ್ತಿ ಅಪಾರವಾದಾಗ ಎರಡೂ ಎತ್ತು ಸಮಸಮ ಎಳೆಯುವ ಸಾಧ್ಯತೆಯೇ ಹೆಚ್ಚು ಎಂಬ ಗುಮ್ಮಟದ ಆಕಾರ ಬರಬೇಕು. ಇಲ್ಲ, ನಮಗೆ ಸಿಗುವ ಶಕ್ತಿಯಲ್ಲಿ ಒಂದು ಎತ್ತೇ ಹೆಚ್ಚು ಎಳೆಯುತ್ತದೆ, ಗೆರೆಗೆ ಒಂಟೆಯ ಹಾಗೆ ಎರಡು ಡುಬ್ಬ ಇದೆ ಎಂದು ನೊವೊಸಿಬಿರ್ಸ್ಕಿನ ಚೆರ್ನ್ಯಾಕ್ ಮತ್ತು ಝಿಟ್ನಿಟ್ಸ್ಕಿ 1980ರ ದಶಕದಲ್ಲಿ ವಾದಿಸಿದರು. ಈಗ ದೊಡ್ಡ ಕಂಪ್ಯೂಟರುಗಳಲ್ಲಿ ಮಾಡುವ ಲೆಕ್ಕಗಳು ಗುಮ್ಮಟಕ್ಕಿಂತ ಸ್ವಲ್ಪ ಅಗಲವಾದ ಆಕಾರವನ್ನು ತೋರಿಸುತ್ತಿವೆ. ಎರಡು ಡುಬ್ಬದ ನಡುವಿನ ಆಳವಾದ ತಗ್ಗು ಕಾಣುವುದಿಲ್ಲ.

ಬ್ರಾಡ್‌ಸ್ಕಿ-ಲಪಾಜ್ ಲೆಕ್ಕದಂತೆ ಶಕ್ತಿ ಎರಡು ಪಟ್ಟಾದರೆ ಕ್ರಾಸ್ ಸೆಕ್ಷನ್ 64ರಲ್ಲಿ ಒಂದು ಪಾಲಿಗೆ ಇಳಿಯಬೇಕು. 2005ರಲ್ಲಿ ಬೆಲ್ ಪ್ರಯೋಗ 2.4ರಿಂದ 4.1 ಜಿಇವಿವರೆಗೆ ಅಳೆದು ನೋಡಿದಾಗ ಇಳಿಜಾರು ಅದಕ್ಕಿಂತ ಕಡಿದಾಗಿ ಕಂಡಿತು, ಆದರೂ ಅಳತೆಯ ಅನುಮಾನದ ಅಂಚಿನೊಳಗೆ ಹೊಂದುವ ಹಾಗಿತ್ತು. ನಿಜವಾದ ಪರೀಕ್ಷೆ ಬೇರೆ ಕಡೆ ಇತ್ತು. ಎರಡು ಪೈ ಜೀರೋ ಬರುವುದು, ಚಾರ್ಜ್ ಇರುವ ಎರಡು ಪಯಾನ್ ಬರುವುದಕ್ಕೆ ಹೋಲಿಸಿದರೆ ಎಷ್ಟು? ನೂರಕ್ಕೆ ಮೂರರಿಂದ ಏಳು ಎಂದು ಬ್ರಾಡ್‌ಸ್ಕಿ-ಲಪಾಜ್ ಲೆಕ್ಕ. ಇದಕ್ಕೆ ಎದುರಾಗಿ ಡೀಲ್, ಕ್ರೋಲ್ ಮತ್ತು ವೋಗ್ಟ್ 2002ರಲ್ಲಿ ಇನ್ನೊಂದು ದಾರಿ ಹೇಳಿದರು. ಮೊದಲು ಎರಡೇ ಎತ್ತು ಹುಟ್ಟಿ ಎದುರು ದಿಕ್ಕಿಗೆ ಓಡುತ್ತವೆ, ಉಳಿದೆರಡು ಆಮೇಲೆ ನಿಧಾನವಾಗಿ ಬಂದು ನೊಗಕ್ಕೆ ಹೆಗಲು ಕೊಡುತ್ತವೆ. ಅವರ ಲೆಕ್ಕದಲ್ಲಿ ಆ ಪಾಲು ನೂರಕ್ಕೆ ಐವತ್ತು. ಬೆಲ್ 2009ರಲ್ಲಿ ಅಳೆದದ್ದು ನೂರಕ್ಕೆ 32. ಎರಡರಲ್ಲಿ ಯಾವುದೂ ಅಲ್ಲ. ಮೂರರಿಂದ ನಾಲ್ಕು ಜಿಇವಿ ಶಕ್ತಿ, ಬ್ರಾಡ್‌ಸ್ಕಿ-ಲಪಾಜ್ ದಾರಿ ಶುದ್ಧವಾಗಿ ನಡೆಯಲು ಇನ್ನೂ ಸಾಲದು ಎಂಬುದು ನನಗೆ ಸರಿ ಅನಿಸುವ ಓದು.

ಹಾಗಾಗಿ ಇನ್ನೂ ಸರಳವಾದ ಪರೀಕ್ಷೆ ಬೇಕಾಯಿತು. ಒಂದೇ ಪೈ ಜೀರೋ, ಆದರೆ ಎರಡು ಫೋಟಾನುಗಳಲ್ಲಿ ಒಂದು ಬಹಳ ಬಲವಾಗಿ ಚುಚ್ಚುವಂಥದ್ದು. ಆಗ ಒಂದೇ ನೊಗದ ಲೆಕ್ಕ, ಒಂದೇ ಗೆರೆ. ಚುಚ್ಚುವ ಬಲ ಏರಿಸುತ್ತಾ ಹೋದರೆ ಒಂದು ನಿರ್ದಿಷ್ಟ ಅಳತೆ 0.185 ಜಿಇವಿಗೆ ಬಂದು ನಿಲ್ಲಬೇಕು ಎಂದು ಸಿದ್ಧಾಂತ ಹೇಳುತ್ತದೆ. ಈ 0.185 ಎಲ್ಲಿಂದ ಬಂತು ಗೊತ್ತಾ? ಆ ಹುಡುಗಿ ಕ್ಯಾಲ್ಕುಲೇಟರಿನಲ್ಲಿ ಹಾಕಿದ ಎಫ್‌ನ ಎರಡರಷ್ಟು. ಕ್ಯಾಲಿಫೋರ್ನಿಯಾದ ಬಾಬರ್ ಪ್ರಯೋಗ 2009ರಲ್ಲಿ ಅಳೆದಾಗ ಆ ಅಂಕಿ ಅಲ್ಲಿ ನಿಲ್ಲದೆ ಮೇಲಕ್ಕೇ ಏರುತ್ತಾ ಹೋಯಿತು. ಸಿದ್ಧಾಂತದವರು ತಲೆ ಕೆಡಿಸಿಕೊಂಡರು, ಅದರ ಮೇಲೆ ಸಾಲು ಸಾಲು ಲೇಖನಗಳು ಬಂದವು. 2012ರಲ್ಲಿ ಬೆಲ್ ಅದನ್ನೇ ಅಳೆದಾಗ ಹಾಗೆ ಏರಿಕೆ ಕಾಣಲಿಲ್ಲ, ಬಿಂದುಗಳು 0.185ರ ಆಸುಪಾಸಿನಲ್ಲೇ ಉಳಿದವು.

ಇದು ಬರೀ ಪಯಾನಿನ ಮನೆಜಗಳ ಅಲ್ಲ. ಮ್ಯೂಆನ್ ಅಯಸ್ಕಾಂತದಲ್ಲಿ ತಿರುಗುವ ವೇಗವನ್ನು ಅಮೆರಿಕದ ಫರ್ಮಿಲ್ಯಾಬ್ ಅಳೆದು, 2025ರ ಜೂನಿನಲ್ಲಿ ತನ್ನ ಕೊನೆಯ ಫಲಿತಾಂಶ ಕೊಟ್ಟಿತು. ನೂರು ಕೋಟಿಯಲ್ಲಿ 127 ಭಾಗದಷ್ಟು ಮಾತ್ರ ಅನುಮಾನ ಉಳಿದಿರುವ ಅಳತೆ ಅದು. ಅದಕ್ಕೆ ಹೋಲಿಸುವ ಸಿದ್ಧಾಂತದ ಲೆಕ್ಕದಲ್ಲಿ, ಬೆಳಕು ಬೆಳಕಿಗೆ ತಾಕಿ ನಡುವೆ ಮೆಸಾನ್ ಹುಟ್ಟಿ ಹೋಗುವ ಒಂದು ಸಣ್ಣ ಪದ ಇದೆ. ಆ ಪದದಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಪೈ ಜೀರೋ ಒಂದರದ್ದೇ. ಭಾಭಾ ಹೆಸರಿಟ್ಟ ಕಣ, ಆ ಹೆಸರನ್ನು ಹೊತ್ತುಕೊಂಡ ಇನ್ನೊಂದು ಕಣದ ಲೆಕ್ಕವನ್ನು ಕೇಳುತ್ತಿದೆ.

ಟ್ಸುಕುಬಾದಲ್ಲಿ ಬೆಲ್-2 ಪ್ರಯೋಗ 2019ರಿಂದ ದತ್ತಾಂಶ ಸಂಗ್ರಹಿಸುತ್ತಿದೆ. ಬಾಬರ್ ಮತ್ತು ಬೆಲ್ ಅಳತೆಗಳು ಬೇರೆಯಾದ ಗ್ರಾಫಿನ ಆ ಬಲಗಡೆಯ ತುದಿಯಲ್ಲಿ, ಅಂದರೆ ಚುಚ್ಚುವ ಬಲ ಅತಿ ಜಾಸ್ತಿ ಇರುವ ಕಡೆ, ಈಗ ಬಿಂದುಗಳು ಕಮ್ಮಿ, ಪ್ರತಿ ಬಿಂದುವಿನ ಮೇಲೂ ಕೆಳಗೂ ಉದ್ದುದ್ದ ಅನುಮಾನದ ಕಡ್ಡಿಗಳು. ಬೆಲ್-2ರ ಎಣಿಕೆ ಬೆಳೆದ ಹಾಗೆ ಆ ಕಡ್ಡಿಗಳು ಗಿಡ್ಡ ಆಗಬೇಕು.